"ಜಾನಿ, ಇವರು ಏನು ಗೆದ್ದಿದ್ದಾರೆ ಹೇಳಿ!": ಅಮೆರಿಕದ ಗೇಮ್ ಶೋ ಅನೌನ್ಸರ್‌ಗಳ ಕೆಲಸದ ಒಳಗುಟ್ಟು

ನಿರೂಪಕರು ಪಕ್ಕಕ್ಕೆ ತಿರುಗಿ "ಜಾನಿ, ಇವರು ಏನು ಗೆದ್ದಿದ್ದಾರೆ ಹೇಳಿ!" ಅನ್ನುತ್ತಾರೆ. ಪರದೆ ಸರಿಯುತ್ತದೆ. ಅಲ್ಲೊಂದು ಫ್ರಿಜ್ಜು, ಅದರ ಬಾಗಿಲ ಮೇಲೆ ನಯವಾಗಿ ಕೈ ಆಡಿಸುತ್ತಾ ನಿಂತ ಮಾಡೆಲ್. ಆಮೇಲೆ ಎಲ್ಲಿಂದಲೋ ಒಂದು ತುಂಬು ಕಂಠ ಬರುತ್ತದೆ. ಐಸ್ ತಾನಾಗಿಯೇ ಆಗುತ್ತದೆ, ತರಕಾರಿಗೆ ಬೇರೆ ಖಾನೆ ಇದೆ, ಕಂಪನಿ ಇಂಥದ್ದು ಅಂತ ಕೆಲವೇ ಸೆಕೆಂಡುಗಳಲ್ಲಿ ಹೇಳಿ ಮುಗಿಸುತ್ತದೆ. ಕೇಳಿದವರಿಗೆ ತಮ್ಮ ಮನೆ ಫ್ರಿಜ್ಜು ಹಳತಾಯ್ತು ಅನ್ನಿಸಿಬಿಡಬೇಕು, ಹಾಗೆ.

1960, 70ರ ದಶಕಗಳಲ್ಲಿ ಅಮೆರಿಕದ ಟಿವಿಯಲ್ಲಿ ಇದು ಹೆಚ್ಚುಕಮ್ಮಿ ದಿನಾ ನಡೆಯುತ್ತಿತ್ತು. ಆ ಕಾಲದ ಗೇಮ್ ಶೋ ನೋಡಿ ಬೆಳೆದವರನ್ನು ಕೇಳಿದರೆ ಯಾರು ಎಷ್ಟು ಗೆದ್ದರು ಅನ್ನೋದು ನೆನಪಿರುವುದಿಲ್ಲ. ಅನೌನ್ಸರ್ ದನಿ ಮಾತ್ರ ಹಾಗೇ ಇರುತ್ತದೆ. ಕೆಲವರು ಎದ್ದು ನಿಂತು ಅದೇ ಏರಿಳಿತದಲ್ಲಿ ಹೇಳಿಯೂ ತೋರಿಸುತ್ತಾರೆ. ಅಂದಹಾಗೆ, ಈ ಕಸುಬಿನಲ್ಲಿ ಜಾನಿಗಳೇ ಜಾಸ್ತಿ. ಜಾನಿ ಓಲ್ಸನ್, ಜಾನಿ ಗಿಲ್ಬರ್ಟ್, ಜಾನಿ ಜೇಕಬ್ಸ್. ಹಾಗಾಗಿ ಆ ಮಾತು ಯಾವ ಜಾನಿಗೆ ಹೇಳಿದ್ದು ಅಂತ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ.

ಇವರನ್ನು "ಬಹುಮಾನದ ಪಟ್ಟಿ ಓದುವವರು" ಅಂತ ಸುಮ್ನೆ ಬದಿಗೆ ಸರಿಸಿಬಿಡುವುದು ಸುಲಭ. ನಾನು ಹೇಳುವುದು ಬೇರೆ. ಆ ಕಾಲದ ಗೇಮ್ ಶೋ ನಡೆಯುತ್ತಿದ್ದುದೇ ಈ ದನಿಯ ದುಡಿಮೆಯಿಂದ. ಶೋಗೆ ಬರುವ ದುಡ್ಡಿನಲ್ಲಿ ಒಂದು ಪಾಲು, ಕಾನೂನಿನ ರಕ್ಷಣೆ, ಸ್ಟುಡಿಯೋದ ಗದ್ದಲ, ಎಲ್ಲಕ್ಕೂ ಇವರೇ ದಾರಿ. ಹೇಗೆ ಅಂತ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಡಾನ್ ಪಾರ್ಡೋ ಅವರಿಂದ ಶುರು ಮಾಡಬೇಕು. 1918ರಲ್ಲಿ ಹುಟ್ಟಿದ ಪಾರ್ಡೋ 1944ರಲ್ಲಿ ನ್ಯೂಯಾರ್ಕಿನಲ್ಲಿ ಎನ್‌ಬಿಸಿ ಅನ್ನುವ ಪ್ರಸಾರ ಕಂಪನಿ ಸೇರಿದರು. ಆಗ ಟಿವಿ ಇನ್ನೂ ಕಣ್ಣು ಬಿಡುತ್ತಿತ್ತು, ರೇಡಿಯೋದ್ದೇ ಕಾರುಬಾರು. ಅನೌನ್ಸರ್ ಅಂದರೆ ಕಂಪನಿಯ ಸಂಬಳದ ನೌಕರ. ಪಾಳಿಯ ಪ್ರಕಾರ ಒಂದು ಸಣ್ಣ ಕೋಣೆಯಲ್ಲಿ ಮೈಕ್ ಮುಂದೆ ಕೂರಬೇಕು. ಕೈಗೆ ಬಂದದ್ದನ್ನು ಓದಬೇಕು: ಸ್ಟೇಷನ್ ಹೆಸರು, ಸಾಬೂನಿನ ಜಾಹೀರಾತು, ಮುಂದಿನ ಕಾರ್ಯಕ್ರಮ, ಹಠಾತ್ ಸುದ್ದಿ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಅವರ ಮೇಲೆ ಗುಂಡು ಹಾರಿದಾಗ ಎನ್‌ಬಿಸಿಯ ನ್ಯೂಯಾರ್ಕ್ ಸ್ಟೇಷನ್‌ನಲ್ಲಿ ಹಳೇ ಹಾಸ್ಯ ಧಾರಾವಾಹಿಯ ಮರುಪ್ರಸಾರ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ಆ ಸುದ್ದಿಯನ್ನು ಮೊದಲು ಓದಿದ್ದು ಪಾರ್ಡೋ. ಕಾರು, ಸೋಫಾಗಳನ್ನು ವರ್ಣಿಸುತ್ತಿದ್ದ ಅದೇ ಕಂಠ. ನಂಬಿಕೆ ಹುಟ್ಟಿಸುವ ದನಿಗೆ ಸಂಬಳ ಕೊಡುತ್ತಿದ್ದ ಕಾಲ ಅದು. ಆ ನಂಬಿಕೆಯನ್ನು ಸುದ್ದಿಗೂ ಬಳಸಿಕೊಂಡರು, ಸೋಫಾಕ್ಕೂ ಬಳಸಿಕೊಂಡರು.

1956ರಲ್ಲಿ ಎನ್‌ಬಿಸಿಯಲ್ಲಿ "ದ ಪ್ರೈಸ್ ಈಸ್ ರೈಟ್" ಶುರುವಾದಾಗ ಅನೌನ್ಸರ್ ಪಾರ್ಡೋ ಅವರೇ. ವಸ್ತುಗಳ ಬೆಲೆ ಊಹಿಸುವ ಆಟ ಅದು. 1963ರಲ್ಲಿ ಆ ಶೋ ಎದುರಾಳಿ ಕಂಪನಿ ಎಬಿಸಿಗೆ ಹೋಯಿತು. ಎನ್‌ಬಿಸಿ ನೌಕರರಾದ ಪಾರ್ಡೋ ಅದರ ಹಿಂದೆ ಹೋಗುವಂತಿರಲಿಲ್ಲ. ಖಾಲಿಯಾದ ಮೈಕ್ ಸಿಕ್ಕಿದ್ದು ಜಾನಿ ಗಿಲ್ಬರ್ಟ್ ಅನ್ನುವ ಗಾಯಕರಿಗೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ದುಡ್ಡಿನ ವಿಷಯ. ಇದೇ ನಿಜವಾಗಿ ಸ್ವಾರಸ್ಯ ಇರುವ ಕಡೆ.

1950ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ದೊಡ್ಡ ಮೊತ್ತದ ಕ್ವಿಜ್ ಶೋಗಳ ಹುಚ್ಚು ಹತ್ತಿತ್ತು. ಆಮೇಲೆ ಗೊತ್ತಾಯಿತು, ಕೆಲವು ಶೋಗಳಲ್ಲಿ ಬೇಕಾದವರಿಗೆ ಉತ್ತರ ಮೊದಲೇ ಹೇಳಿಕೊಟ್ಟಿರುತ್ತಿದ್ದರು. 1958ರಲ್ಲಿ ಒಂದೊಂದೇ ಶೋ ಬಾಗಿಲು ಹಾಕಿದವು. "ಟ್ವೆಂಟಿ ಒನ್" ಶೋದಲ್ಲಿ 1,29,000 ಡಾಲರ್ ಗೆದ್ದು ಮನೆಮಾತಾಗಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ 1959ರಲ್ಲಿ ಸಂಸತ್ತಿನ ಸಮಿತಿ ಮುಂದೆ ತಪ್ಪೊಪ್ಪಿಕೊಂಡರು. 1960ರಲ್ಲಿ ಅಮೆರಿಕ ತನ್ನ ಪ್ರಸಾರ ಕಾನೂನನ್ನು ತಿದ್ದಿತು. ಟಿವಿ ಸ್ಪರ್ಧೆಯಲ್ಲಿ ಮೋಸ ಮಾಡುವುದು ಅಪರಾಧವಾಯಿತು. ಜೊತೆಗೆ ಇನ್ನೊಂದು ಷರತ್ತೂ ಗಟ್ಟಿಯಾಯಿತು. ಯಾರಿಂದಾದರೂ ದುಡ್ಡು ಅಥವಾ ಬೆಲೆಬಾಳುವ ವಸ್ತು ಪಡೆದು ಅವರ ಸರಕನ್ನು ತೋರಿಸಿದರೆ, ಅದನ್ನು ನೋಡುಗರಿಗೆ ಹೇಳಲೇಬೇಕು.

ಇದರಿಂದ ಆದದ್ದು ಎರಡು. ದೊಡ್ಡ ನಗದು ಅಂದರೆ ನೆಟ್‌ವರ್ಕ್‌ಗಳಿಗೆ ಭಯ ಹುಟ್ಟಿತು. ಒಬ್ಬ ಸ್ಪರ್ಧಿ ಎಷ್ಟು ಗೆಲ್ಲಬಹುದು ಅನ್ನುವುದಕ್ಕೇ ಮಿತಿ ಹಾಕಿದರು. 1970ರ ದಶಕದಲ್ಲಿ ಸಿಬಿಎಸ್ ಹಾಕಿಕೊಂಡಿದ್ದ ಮಿತಿ 25,000 ಡಾಲರ್. ನಗದಿನ ಜಾಗಕ್ಕೆ ಸರಕು ಬಂತು. ವಾಷಿಂಗ್ ಮೆಷಿನ್, ಊಟದ ಮೇಜು, ಹವಾಯಿ ಪ್ರವಾಸ, ಕಾರು. ನಿರ್ಮಾಪಕರು ಇವನ್ನೆಲ್ಲ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಿರಲಿಲ್ಲ. ಎಷ್ಟೋ ವಸ್ತುಗಳನ್ನು ತಯಾರಕರೇ ಕೊಡುತ್ತಿದ್ದರು, ಕೆಲವರು ಮೇಲೆ ಶುಲ್ಕವನ್ನೂ ಕಟ್ಟುತ್ತಿದ್ದರು. ಬದಲಿಗೆ ಅವರು ಕೇಳಿದ್ದು ಒಂದೇ: ಅನೌನ್ಸರ್ ನಮ್ಮ ಹೆಸರು ಹೇಳಬೇಕು, ನಾವು ಒಪ್ಪಿದ ಮಾತುಗಳಲ್ಲೇ ಹೇಳಬೇಕು.

ನಮ್ಮೂರ ಕಬಡ್ಡಿ ಟೂರ್ನಮೆಂಟಿನಲ್ಲಿ ಮೈಕ್ ಹಿಡಿದವರು ಆಟದ ಮಧ್ಯೆ ಮಧ್ಯೆ "ಎರಡನೇ ಬಹುಮಾನದ ಕಪ್ ಕೊಟ್ಟವರು..." ಅಂತ ದಾನಿಗಳ ಹೆಸರು ಸೇರಿಸುತ್ತಾರಲ್ಲ, ಲೆಕ್ಕ ಅದೇ. ಅಮೆರಿಕದವರು ಅದನ್ನು ಸೆಕೆಂಡಿಗೆ ಇಷ್ಟು ಅಂತ ಅಳೆದು ಮಾರಿದರು, ಅಷ್ಟೇ.

ಹಾಗಾಗಿ ಫ್ರಿಜ್ಜಿನ ವರ್ಣನೆ ಪುಕ್ಕಟೆ ಮಾತಲ್ಲ. ಅದು ಆಟದ ಒಳಗೇ ಹೊಲಿದ ಜಾಹೀರಾತು. ಸಾಮಾನ್ಯ ಜಾಹೀರಾತು ಬಂದಾಗ ಜನ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಇದು ಬಂದಾಗ ಹೋಗುವುದಿಲ್ಲ. ಸ್ಪರ್ಧಿಯ ಜೊತೆ ತಾವೂ ಬೆಲೆ ಊಹಿಸುತ್ತಾ ಕೂತಿರುತ್ತಾರೆ. ಸೋತವರಿಗೂ ಸಮಾಧಾನಕರ ಬಹುಮಾನ ಅಂತ ಏನಾದರೂ ಇರುತ್ತಿತ್ತು. ಪೊಟ್ಟಣದಲ್ಲಿ ಬರುವ ರೈಸ್-ಎ-ರೋನಿ ಅನ್ನ, ಕಾರಿಗೆ ಹಚ್ಚುವ ಟರ್ಟಲ್ ವ್ಯಾಕ್ಸ್. ಇವೆರಡೂ ಅಲ್ಲಿ ನಗೆಚಾಟಿಕೆಯ ಮಾತಾಗಿಬಿಟ್ಟಿವೆ. "ಸ್ಪೀಗೆಲ್, ಶಿಕಾಗೋ, 60609" ಅಂತ ಒಂದು ಕ್ಯಾಟಲಾಗ್ ಕಂಪನಿಯ ಪಿನ್‌ಕೋಡನ್ನು ಇವತ್ತಿಗೂ ಬಾಯಿಪಾಠ ಒಪ್ಪಿಸುವ ಹಿರಿಯರಿದ್ದಾರೆ. ಆ ಕ್ಯಾಟಲಾಗಿನಿಂದ ಏನೂ ಕೊಂಡಿರದವರೂ!

ಶೋದ ಕೊನೆಯಲ್ಲಿ ಹೆಸರುಗಳು ಓಡುವಾಗ ಅನೌನ್ಸರ್ ಉಸಿರು ಬಿಡದೆ ಏನೇನೋ ಓದುತ್ತಿದ್ದರು. ಪ್ರಚಾರಕ್ಕಾಗಿ ಇಂಥಿಂಥವರು ಹಣ ಕೊಟ್ಟಿದ್ದಾರೆ, ಆಟದ ಫಲಿತಾಂಶಕ್ಕೆ ಸಂಬಂಧವಿಲ್ಲದ ಭಾಗಗಳನ್ನು ಕತ್ತರಿಸಿದ್ದೇವೆ, ಹೀಗೆ. ಹೆಚ್ಚಿನವರು ಅಷ್ಟೊತ್ತಿಗೆ ಚಾನೆಲ್ ಬದಲಿಸಿರುತ್ತಿದ್ದರು. ಆದರೆ ಆ ಕ್ವಿಜ್ ಹಗರಣದ ಪಾಠ ಪೂರ್ತಿ ಇದ್ದದ್ದು ಆ ಅರ್ಧ ನಿಮಿಷದಲ್ಲಿ. ದುಡ್ಡು ಕೊಟ್ಟವರ ಹೆಸರು ಹೇಳಲೇಬೇಕು ಅನ್ನುವ ಕಾನೂನು, ಆಟದಲ್ಲಿ ಕೈವಾಡವಿಲ್ಲ ಅನ್ನುವ ಭರವಸೆ, ಎರಡೂ ಒಂದೇ ಉಸಿರಿನಲ್ಲಿ. ಅದನ್ನು ಅಷ್ಟು ವೇಗವಾಗಿ, ಒಂದಕ್ಷರ ನುಂಗದೆ ಓದುವುದು ದೊಡ್ಡ ಕಸರತ್ತು.

"ದ ಪ್ರೈಸ್ ಈಸ್ ರೈಟ್" 1972ರ ಸೆಪ್ಟೆಂಬರ್ 4ರಂದು ಸಿಬಿಎಸ್‌ನಲ್ಲಿ ಹೊಸ ರೂಪದಲ್ಲಿ ಮತ್ತೆ ಶುರುವಾಯಿತು. ನಿರೂಪಕ ಬಾಬ್ ಬಾರ್ಕರ್, ಅನೌನ್ಸರ್ ಜಾನಿ ಓಲ್ಸನ್. ಓಲ್ಸನ್ ಆಗಲೇ ಅರವತ್ತು ದಾಟಿದ್ದರು. ಮಿನೆಸೋಟದ ವಿಂಡಮ್ ಅನ್ನುವ ಸಣ್ಣ ಊರಿನವರು. ರೇಡಿಯೋ ಕಾಲದಿಂದ ಮೈಕ್ ಹಿಡಿದವರು. ಆ ವಯಸ್ಸಿನಲ್ಲಿ ಅವರಿಗೆ ಬಂದ ಮೂರೇ ಪದಗಳು, "ಕಮ್ ಆನ್ ಡೌನ್" (ಕೆಳಗಿಳಿದು ಬನ್ನಿ), ಅವರನ್ನು ದೇಶಕ್ಕೇ ಪರಿಚಯ ಮಾಡಿಸಿದವು.

ಆ ಕೂಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಶೋ ನಡೆಯುತ್ತಿದ್ದುದು ಲಾಸ್ ಏಂಜಲಿಸ್‌ನ ಟೆಲಿವಿಷನ್ ಸಿಟಿಯ 33ನೇ ಸ್ಟುಡಿಯೋದಲ್ಲಿ. ಸುಮಾರು ಮುನ್ನೂರು ಜನ ಪ್ರೇಕ್ಷಕರು. ಎಲ್ಲರ ಎದೆಯ ಮೇಲೂ ಬೆಲೆ ಚೀಟಿಯ ಆಕಾರದ ಹಳದಿ ಹೆಸರುಪಟ್ಟಿ. ಹೊರಗೆ ಸಾಲಿನಲ್ಲಿ ನಿಂತಾಗಲೇ ನಿರ್ಮಾಪಕರು ಪ್ರತಿಯೊಬ್ಬರ ಹತ್ತಿರ ಕೆಲವೇ ಕ್ಷಣ ಮಾತಾಡಿಸಿ, ಯಾರಲ್ಲಿ ಲವಲವಿಕೆ ಇದೆ ಅಂತ ಗುರುತು ಹಾಕಿಕೊಂಡಿರುತ್ತಾರೆ. ಆಯ್ಕೆಯಾದವರಿಗೆ ಅದು ಗೊತ್ತಿರುವುದಿಲ್ಲ. ಓಲ್ಸನ್ ಬಾಯಿಂದ ತಮ್ಮ ಹೆಸರು ಬಂದಾಗಲೇ ಗೊತ್ತಾಗುವುದು. ಮೊದಲು ಹೆಸರು, ಸ್ವಲ್ಪ ತಡೆದು, ಆಮೇಲೆ ಆ ಮೂರು ಪದ. ಕೊನೆಯ ಪದವನ್ನು ಎಳೆದು ಮೇಲಕ್ಕೆ ಎತ್ತುತ್ತಿದ್ದರು. ಅಷ್ಟೊತ್ತಿಗೆ ಸ್ಟುಡಿಯೋ ಕಿತ್ತುಹೋಗುವ ಹಾಗೆ ಗದ್ದಲ. ಆ ಗದ್ದಲದಲ್ಲಿ ಎಷ್ಟೋ ಜನಕ್ಕೆ ತಮ್ಮ ಹೆಸರೇ ಕೇಳಿಸುವುದಿಲ್ಲ. ಅದಕ್ಕೇ ಈಗ ಹೆಸರು ಬರೆದ ಫಲಕವನ್ನೂ ಎತ್ತಿ ಹಿಡಿಯುತ್ತಾರೆ.

ಗದ್ದಲ ತಾನಾಗಿ ಆಗುವುದಿಲ್ಲ. ಕ್ಯಾಮೆರಾ ಶುರುವಾಗುವ ಮುಂಚೆ ಓಲ್ಸನ್ ಪ್ರೇಕ್ಷಕರ ನಡುವೆ ಇಳಿಯುತ್ತಿದ್ದರು. ಸಾಲುಗಳ ನಡುವೆ ಓಡುವುದು, ತಮಾಷೆ ಮಾಡುವುದು, ಅಜ್ಜಿಯೊಬ್ಬರ ಕೈ ಹಿಡಿದು ಕುಣಿಯುವುದು. ಇದನ್ನು ಅಲ್ಲಿಯವರು ವಾರ್ಮ್-ಅಪ್ ಅನ್ನುತ್ತಾರೆ. ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಇದು ಕಾಣುತ್ತಲೇ ಇರಲಿಲ್ಲ. ಆದರೆ ಅಪರಿಚಿತರ ಗುಂಪನ್ನು ಒಂದು ಮನೆಯವರ ಹಾಗೆ ಮಾಡುತ್ತಿದ್ದುದು ಆ ಕೆಲವು ನಿಮಿಷ. ಸೆಟ್ ಬದಲಿಸಲು ರೆಕಾರ್ಡಿಂಗ್ ನಿಂತರೆ ಮತ್ತೆ ಅವರೇ ಬರಬೇಕು. ಗೇಮ್ ಶೋಗಳನ್ನು ಒಂದೇ ದಿನ ಹಲವು ಎಪಿಸೋಡ್ ಚಿತ್ರೀಕರಿಸುವುದು ರೂಢಿ. ಜೆಪರ್ಡಿ ಅನ್ನುವ ಕ್ವಿಜ್ ಶೋದಲ್ಲಿ ದಿನಕ್ಕೆ ಐದು. ಸಂಜೆಯ ಎಪಿಸೋಡಿನಲ್ಲೂ ಬೆಳಗಿನ ಹುರುಪು ಕೇಳಿಸಬೇಕು ಅಂದರೆ ಗಂಟಲಿನ ಜೊತೆ ಕಾಲೂ ಗಟ್ಟಿಯಿರಬೇಕು.

"ದ ಪ್ರೈಸ್ ಈಸ್ ರೈಟ್"ನಲ್ಲಿ ಓದುವುದಕ್ಕೂ ಒಂದು ತೊಡಕಿತ್ತು. ವಸ್ತುವಿನ ಬಗ್ಗೆ ಎಲ್ಲ ಹೇಳಬೇಕು, ಬೆಲೆ ಒಂದನ್ನು ಬಿಟ್ಟು. ಕಾರು ಬಂದರೆ ಗೇರ್ ಯಾವುದು, ಎಸಿ ಇದೆಯೋ, ಕ್ಯಾಲಿಫೋರ್ನಿಯಾದ ಹೊಗೆ ನಿಯಮಕ್ಕೆ ತಕ್ಕ ಎಂಜಿನ್ನೋ ಅಂತ ಪಟ್ಟಿ ಓದುತ್ತಿದ್ದರು. ಬಹಳ ಜನ ಅದನ್ನು ಅಲಂಕಾರ ಅಂದುಕೊಂಡರು. ಆದರೆ ಒಂದೊಂದು ಸೌಲಭ್ಯಕ್ಕೂ ಇಂತಿಷ್ಟು ಡಾಲರ್ ಜಾಸ್ತಿ. ಕಿವಿಗೊಟ್ಟು ಕೇಳಿದ ಸ್ಪರ್ಧಿ ಬೆಲೆಯ ಹತ್ತಿರಕ್ಕೆ ಹೋಗಬಹುದಿತ್ತು. ಅನೌನ್ಸರ್ ಒಂದು ಸಾಲು ತಪ್ಪಿದರೆ ಆಟವೇ ಅನ್ಯಾಯವಾಗುತ್ತದೆ. ಇಷ್ಟನ್ನೂ ಸ್ಟುಡಿಯೋದಲ್ಲಿ ನಿಂತು, ಹಿನ್ನೆಲೆ ಸಂಗೀತಕ್ಕೆ, ಮಾಡೆಲ್ ಕೈ ಸರಿಯುವ ವೇಗಕ್ಕೆ ಹೊಂದಿಸಿ ಅಲ್ಲೇ ಓದಬೇಕು. "ಎ ನ್ಯೂ ಕಾ...ರ್!" ಅನ್ನುವ ಆ ಎಳೆತಕ್ಕೂ ಜಾಗ ಉಳಿಸಿಕೊಂಡಿರಬೇಕು.

ಟಿಕೆಟ್ ಬೇಕಾದವರು ಎಲ್ಲಿಗೆ ಬರೆಯಬೇಕು ಅಂತ ವಿಳಾಸ ಹೇಳುತ್ತಿದ್ದವರೂ ಅವರೇ. 7800 ಬೆವರ್ಲಿ ಬುಲೆವಾರ್ಡ್. ಆ ಸ್ಟುಡಿಯೋ ಕಡೆ ಯಾವತ್ತೂ ಹೋಗದವರಿಗೂ ಆ ನಂಬರ್ ಗೊತ್ತು.

ಓಲ್ಸನ್ 1985ರ ಅಕ್ಟೋಬರ್ 12ರಂದು ತೀರಿಕೊಂಡರು, 75ನೇ ವಯಸ್ಸಿನಲ್ಲಿ, ಕೆಲಸದಲ್ಲಿರುವಾಗಲೇ. ಅವರು ಮುಂಚೆಯೇ ಓದಿಟ್ಟ ಎಪಿಸೋಡುಗಳು ಆಮೇಲೂ ಪ್ರಸಾರವಾದವು. ಆ ಜಾಗಕ್ಕೆ ಹಲವರನ್ನು ಪ್ರಸಾರದಲ್ಲೇ ಪರೀಕ್ಷೆ ಮಾಡಿದರು. ಕೊನೆಗೆ ಬಂದವರು ಟೆಕ್ಸಸ್‌ನ ರಾಡ್ ರಾಡಿ. ಓಲ್ಸನ್ ದನಿಯಲ್ಲಿ ಪಕ್ಕದ ಮನೆಯ ಹಿರಿಯರ ಸಲಿಗೆ ಇದ್ದರೆ, ರಾಡಿ ಅವರದು ಸಿಡಿಮದ್ದು. ಜೊತೆಗೆ ಕಣ್ಣು ಕುಕ್ಕುವ ಬಣ್ಣದ ರೇಷ್ಮೆ ಕೋಟುಗಳು. 2001ರಲ್ಲಿ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮೊದಲೇ ತಪಾಸಣೆ ಮಾಡಿಸಿಕೊಳ್ಳಿ ಅಂತ ಜನರಿಗೆ ಹೇಳಲು ಅದೇ ದನಿಯನ್ನು ಬಳಸಿದರು. 2003ರಲ್ಲಿ ತೀರಿಕೊಂಡರು. ನನಗೆ ಯಾರು ಇಷ್ಟ ಅಂದರೆ, ಓಲ್ಸನ್. ರಾಡಿ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬರಲಿ.

ಇನ್ನೂ ಎಷ್ಟೋ ಜನರಿದ್ದರು. "ಫ್ಯಾಮಿಲಿ ಫ್ಯೂಡ್" ಶುರುವಿನ ಘೋಷಣೆಯಲ್ಲೇ ಮನೆಯನ್ನು ಎಬ್ಬಿಸುತ್ತಿದ್ದ ಜೀನ್ ವುಡ್. "ಲೆಟ್ಸ್ ಮೇಕ್ ಎ ಡೀಲ್" ಶೋದ ಜೇ ಸ್ಟುವರ್ಟ್ ಅಂತೂ ದನಿಯ ಜೊತೆ ಮಾನವನ್ನೂ ಪಣಕ್ಕಿಟ್ಟವರು. ಪರದೆ ಹಿಂದೆ ಕಾರಿನ ಬದಲು ಹುಸಿ ಬಹುಮಾನ ಬಂದಾಗ, ಮಗುವಿನ ವೇಷ ಹಾಕಿಕೊಂಡು ಕೂತಿರುತ್ತಿದ್ದುದು ಇವರೇ. ಹೆಂಗಸರು ಮಾತ್ರ ತೀರಾ ಕಮ್ಮಿ. ವೇದಿಕೆ ಮೇಲೆ ಫ್ರಿಜ್ಜಿನ ಪಕ್ಕ ನಿಲ್ಲುವವರು ಹೆಂಗಸರು, ಅದರ ಬಗ್ಗೆ ಮಾತಾಡುವವರು ಗಂಡಸರು. ದಶಕಗಟ್ಟಲೆ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳಲಿಲ್ಲ ಅನ್ನೋದೇ ವಿಚಿತ್ರ.

ಈಗ ಆ ಇನ್ನೊಬ್ಬ ಜಾನಿಗೆ ಬರೋಣ. 1964ರಲ್ಲಿ ಎನ್‌ಬಿಸಿಯಲ್ಲಿ ಜೆಪರ್ಡಿ ಶುರುವಾದಾಗ ಅನೌನ್ಸರ್ ಡಾನ್ ಪಾರ್ಡೋ. ಅದು 1975ರಲ್ಲಿ ನಿಂತಿತು. ಅದೇ ವರ್ಷ ಪಾರ್ಡೋ "ಸ್ಯಾಟರ್ಡೇ ನೈಟ್ ಲೈವ್" ಅನ್ನುವ ಹಾಸ್ಯ ಕಾರ್ಯಕ್ರಮಕ್ಕೆ ಹೋದರು. ಮೊದಲ ರಾತ್ರಿಯೇ ತಂಡದ ಹೆಸರಿನ ಪದಗಳನ್ನು ಹಿಂದುಮುಂದು ಮಾಡಿ ಓದಿಬಿಟ್ಟರು. ಆದರೂ ಒಂದು ಸೀಸನ್ ಬಿಟ್ಟರೆ 2014ರಲ್ಲಿ, 96ನೇ ವಯಸ್ಸಿನಲ್ಲಿ ಸಾಯುವವರೆಗೂ ಅಲ್ಲಿಯ ದನಿ ಅವರೇ. ಇತ್ತ 1984ರ ಸೆಪ್ಟೆಂಬರ್ 10ರಂದು ಅಲೆಕ್ಸ್ ಟ್ರೆಬೆಕ್ ನಿರೂಪಣೆಯಲ್ಲಿ ಜೆಪರ್ಡಿ ಮತ್ತೆ ಬಂತು. "ದಿಸ್... ಈಸ್... ಜೆಪರ್ಡಿ!" ಅಂದವರು ಜಾನಿ ಗಿಲ್ಬರ್ಟ್. ಪಾರ್ಡೋ ಅವರ ಹಳೇ ಮೈಕ್ ಎರಡನೇ ಸಲವೂ ಇವರ ಪಾಲಿಗೇ ಬಂದಿತ್ತು. 1924ರಲ್ಲಿ ಹುಟ್ಟಿದ ಗಿಲ್ಬರ್ಟ್ ತಮ್ಮ ನೂರನೇ ಹುಟ್ಟುಹಬ್ಬಕ್ಕೂ ಅದೇ ಶೋದ ಅನೌನ್ಸರ್ ಆಗಿದ್ದರು.

ಜೆಪರ್ಡಿಯಲ್ಲಿ ಫ್ರಿಜ್ಜಿನ ವರ್ಣನೆ ಹೆಚ್ಚಿಲ್ಲ. ಅಲ್ಲಿ ಅನೌನ್ಸರ್‌ಗೆ ಸಿಗುವುದು ಸ್ಪರ್ಧಿಯ ಊರು, ಕೆಲಸ, ಹೆಸರು, ಅಷ್ಟೇ. ಸುಲಭ ಅನ್ನಿಸಬಹುದು. ಅಮೆರಿಕದಲ್ಲಿರುವ ಕನ್ನಡಿಗರನ್ನು ಕೇಳಿ, ಶಾಲೆಯಿಂದ ಹಿಡಿದು ಡಾಕ್ಟರ್ ಕ್ಲಿನಿಕ್‌ವರೆಗೆ ತಮ್ಮ ಹೆಸರಿಗೆ ಏನೇನು ಗತಿಯಾಗಿದೆ ಅಂತ ಹೇಳುತ್ತಾರೆ. ಒಬ್ಬರ ಹೆಸರನ್ನು ಮೊದಲೇ ವಿಚಾರಿಸಿ, ದೇಶ ಪೂರ್ತಿ ಕೇಳುವ ಹಾಗೆ ಸರಿಯಾಗಿ ಹೇಳುವುದು ಸಣ್ಣ ಮರ್ಯಾದೆಯಲ್ಲ.

ಹಾಗಾದರೆ ಈ ದನಿಗಳು ತೆಳುವಾಗಿದ್ದು ಯಾಕೆ? ಕಾರಣ ಮತ್ತೆ ದುಡ್ಡೇ. "ವೀಲ್ ಆಫ್ ಫಾರ್ಚೂನ್" ಶೋದಲ್ಲಿ ಮೊದಲೆಲ್ಲ ಗೆದ್ದವರು ಗೆದ್ದ ಹಣಕ್ಕೆ ಅಲ್ಲೇ ಇಟ್ಟ ಸಾಮಾನು ಆರಿಸಿಕೊಳ್ಳಬೇಕಿತ್ತು. ಪಿಂಗಾಣಿಯ ಡಾಲ್ಮೇಷಿಯನ್ ನಾಯಿ ಬೊಂಬೆಯೂ ಅದರಲ್ಲಿತ್ತು, ಅದರದ್ದೇ ಒಂದು ಖ್ಯಾತಿ. ಆ ಅಂಗಡಿಯನ್ನೆಲ್ಲ ವರ್ಣಿಸುವುದು ಅನೌನ್ಸರ್ ಕೆಲಸ. 1987ರಲ್ಲಿ ಅದರ ಸಂಜೆಯ ಶೋ ನೇರವಾಗಿ ನಗದು ಕೊಡಲು ಶುರು ಮಾಡಿತು. ಆಟದ ವೇಗ ಹೆಚ್ಚಿತು. ಅನೌನ್ಸರ್‌ನ ಹಾಳೆಗಳು ಕಮ್ಮಿಯಾದವು. ಆ ಶೋದ ಚಾರ್ಲಿ ಓ'ಡಾನೆಲ್ 2010ರಲ್ಲಿ ತೀರಿಕೊಂಡಾಗ, ಅವರು ಓದಿಟ್ಟಿದ್ದ ಕೆಲವು ಎಪಿಸೋಡುಗಳಿಗೆ ಬೇರೆಯವರ ದನಿ ಕೂರಿಸಿ ಪ್ರಸಾರ ಮಾಡಿದರು. 1985ರಲ್ಲಿ ಓಲ್ಸನ್ ದನಿಯನ್ನು ಹಾಗೇ ಬಿಟ್ಟಿದ್ದರಲ್ಲ, ಅದು ನೆನಪಾಗಿ ನನಗೆ ಇದು ಸರಿ ಕಾಣಲಿಲ್ಲ.

ಇನ್ನೊಂದು ಪೆಟ್ಟು ಬ್ರಿಟನ್ನಿನಿಂದ ಬಂತು. 1998ರಲ್ಲಿ ಅಲ್ಲಿ ಹುಟ್ಟಿದ "ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್" ಮರುವರ್ಷ ಅಮೆರಿಕಕ್ಕೆ ಬಂತು. ಮಂದ ಬೆಳಕು, ಎರಡು ಕುರ್ಚಿ, ಎದೆ ಬಡಿತದ ಸಂಗೀತ, ಬರೀ ನಗದು. ಅಲ್ಲಿ ವರ್ಣಿಸಲು ಫ್ರಿಜ್ಜೇ ಇಲ್ಲ. ನಾವು 2000ದಲ್ಲಿ ಹಿಂದಿಯಲ್ಲಿ ಅಮಿತಾಭ್ ಅವರ ಮೂಲಕ, 2012ರಿಂದ "ಕನ್ನಡದ ಕೋಟ್ಯಧಿಪತಿ"ಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಮೂಲಕ ನೋಡಿದ್ದು ಇದೇ ಅಚ್ಚು. ಎಲ್ಲ ಮಾತೂ ನಿರೂಪಕರದೇ. ನಮ್ಮದೇ ಆದ "ಥಟ್ ಅಂತ ಹೇಳಿ" 2002ರಿಂದ ಚಂದನದಲ್ಲಿ ನಡೆದು ಬಂದಿದೆ, ಆದರೆ ಅಲ್ಲಿ ಬಹುಮಾನ ಕನ್ನಡ ಪುಸ್ತಕ. ನಾ. ಸೋಮೇಶ್ವರ ಅವರೊಬ್ಬರೇ ಸಾಕು. ಹಾಗಾಗಿ ಗೇಮ್ ಶೋ ಅನೌನ್ಸರ್ ಅನ್ನುವ ಕಸುಬು ನಮ್ಮ ಟಿವಿಗೆ ಬರಲೇ ಇಲ್ಲ.

ಅಮೆರಿಕದಲ್ಲಿ ಅದು ಪೂರ್ತಿ ಹೋಗಿಲ್ಲ. 2011ರಿಂದ "ದ ಪ್ರೈಸ್ ಈಸ್ ರೈಟ್"ನಲ್ಲಿ ಜಾರ್ಜ್ ಗ್ರೇ, "ವೀಲ್ ಆಫ್ ಫಾರ್ಚೂನ್"ನಲ್ಲಿ ಜಿಮ್ ಥಾರ್ನ್‌ಟನ್ ಮೈಕ್ ಹಿಡಿದಿದ್ದಾರೆ. ಹೆಸರು ಕೂಗುವ ರೀತಿ ಇವತ್ತೂ ಓಲ್ಸನ್ ಹಾಕಿಕೊಟ್ಟದ್ದೇ. ಹಳೇ ಎಪಿಸೋಡುಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. 1970ರ ದಶಕದ್ದು ಯಾವುದಾದರೂ ಒಂದು ಹಾಕಿ, ಕಣ್ಣು ಮುಚ್ಚಿಕೊಂಡು ಕೇಳಿ. ಕಾರಿನ ಪಟ್ಟಿ ಬಂದಾಗ ನೀವೂ ಬೆಲೆ ಕಟ್ಟಲು ಶುರು ಮಾಡುತ್ತೀರಿ.